ಮೂವತ್ತೆಂಟನೆಯ ಬಾಯಿ

ಜವರಯ್ಯ ಮೂವತ್ತೊಂದನೆಯ ಮನೆಗೆ ಬಂದನೆಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಇನ್ನು ಏಳು ಮನೆ. ಊರುಗೋಲು ಊರಿಕೊಂಡು ದಿನಕ್ಕೊಂದು ಮನೆಯಂತೆ ಬರುತ್ತಿದ್ದಾನೆ. ಬೆರಳು ಮಡಿಸಿ ನೋಡಿದೆ, ನನ್ನ ಸರದಿ ಬರುವುದು ಮುಂದಿನ ಸೋಮವಾರ. ಇನ್ನೊಂದು ಸಲ ಮಡಿಸಿದೆ. ಸೋಮವಾರವೇ. ನೀರು ಬಿಡುವ ದಿನ.

ಪ್ರತಿ ಮನೆಯಲ್ಲೂ ಅವನು ಕೇಳುವುದು ಎರಡೇ ಪ್ರಶ್ನೆಯಂತೆ. ಅವತ್ತು ನಿನ್ನ ಕಿವಿಗೆ ಏನು ಬಿತ್ತು, ನಿನ್ನ ಬಾಯಿಂದ ಏನು ಹೋಯಿತು. ಬೈಯುವುದಿಲ್ಲ, ಅಳುವುದಿಲ್ಲ. ಕೊಟ್ಟರೆ ಒಂದು ಲೋಟ ಮಜ್ಜಿಗೆ ಕುಡಿದು, ಮುಂದಿನ ಮನೆಯನ್ನು ನಾಳೆಗೆ ಇಟ್ಟುಕೊಂಡು ಹಿಂದಿರುಗುತ್ತಾನೆ. ಬೈದಿದ್ದರೇ ವಾಸಿಯಿತ್ತು ಎಂದು ಅವನನ್ನು ಕಳಿಸಿಕೊಟ್ಟವರೆಲ್ಲ ಹೇಳುತ್ತಾರೆ.

ಇದನ್ನೆಲ್ಲ ನನಗೆ ತಂದು ಹೇಳುತ್ತಿದ್ದವಳು ಸೊಪ್ಪು ಮಾರುವ ಪಾರ್ವತವ್ವ. ಅವಳದು ಮೂವತ್ತೇಳನೆಯ ಬಾಯಿ, ನನ್ನದು ಮೂವತ್ತೆಂಟನೆಯದು, ಕೊನೆಯದು. ಏನಿದು ಬಾಯಿ ಲೆಕ್ಕ ಎಂದು ಹೊರಗಿನವರಿಗೆ ಅನ್ನಿಸಬಹುದು. ನಮ್ಮೂರಲ್ಲಿ ಒಬ್ಬರ ದನಿ ಎಷ್ಟು ದೂರ ಹೋಗುತ್ತದೆ ಎಂಬುದು ಅವರ ಹೆಸರಿನಲ್ಲಿ ಏನೇನಿದೆ ಎಂಬುದರ ಮೇಲೆ ನಿಂತಿದೆ. ದಿಬ್ಬದ ಮೇಲಿನ ದೊಡ್ಡ ಮನೆಯ ಸುಭದ್ರಮ್ಮನವರು ಜಗಲಿಯಲ್ಲಿ ಕೂತು ಮೆಲ್ಲಗೆ ಒಂದು ಮಾತಾಡಿದರೆ ಅದು ಚೌಕ ದಾಟಿ, ಇನ್ನೂರ ಹನ್ನೆರಡು ಮೆಟ್ಟಿಲು ಇಳಿದು, ತಗ್ಗಿನ ಸಾಲಿನ ಕಡೇ ಮನೆಯ ಒಲೆಯ ಮುಂದೆ ಬಂದು ನಿಲ್ಲುತ್ತದೆ. ತಗ್ಗಿನ ಸಾಲಿನವರು ಗಂಟಲು ಹರಿಯುವಂತೆ ಕೂಗಿದರೂ ಮಾತು ನಾಲ್ಕೈದು ಮಾರು ಹೋಗಿ ಕೆಳಗೆ ಬೀಳುತ್ತದೆ. ನಾನು ದೊಡ್ಡ ಮನೆಯ ಹಿಂದಿನ ಕೋಣೆಯಲ್ಲಿ ಇದ್ದುಕೊಂಡು ಪಾತ್ರೆ ತಿಕ್ಕುವವಳು, ನನ್ನ ಹೆಸರಿನಲ್ಲಿ ಒಂದು ಚೊಂಬೂ ಇಲ್ಲ. ನನ್ನ ದನಿ ಒಂದೂವರೆ ಮಾರು.

ಇದರಲ್ಲಿ ದೊಡ್ಡವರಿಗೆ ಸುಖವೇ ಇದೆ ಎಂದುಕೊಳ್ಳಬೇಡಿ. ಸುಭದ್ರಮ್ಮನವರು ಸೀನಿದರೆ ತಗ್ಗಿನಲ್ಲಿ ಮಲಗಿದ ಕೂಸುಗಳು ಏಳುತ್ತವೆ. ಗಂಡಹೆಂಡಿರ ಜಗಳ ಊರಿಗೆಲ್ಲ ಗೊತ್ತಾಗುತ್ತದೆಂದು ದಿಬ್ಬದ ಮೇಲಿನವರು ಮಲಗುವ ಕೋಣೆಯಲ್ಲಿ ಸ್ಲೇಟು ಬಳಪ ಇಟ್ಟುಕೊಂಡಿರುತ್ತಾರೆ. ಬೆಳಗ್ಗೆ ಗುಡಿಸುವಾಗ ಒರೆಸದೆ ಬಿಟ್ಟ ಸ್ಲೇಟು ಎಷ್ಟೋ ಸಲ ನನ್ನ ಕೈಗೆ ಸಿಕ್ಕಿದೆ. ನಾನು ಓದು ಕಲಿತದ್ದೇ ಹಾಗೆ, ದಿನಸಿ ಕಟ್ಟಿ ಬಂದ ಕಾಗದಗಳಲ್ಲಿ ಅರ್ಧ, ಆ ಸ್ಲೇಟುಗಳಲ್ಲಿ ಅರ್ಧ. ಇನ್ನು ತಗ್ಗಿನ ಸಾಲಿನ ತಾಯಂದಿರು ಅಂಬೆಗಾಲಿಡುವ ಮಕ್ಕಳ ಸೊಂಟಕ್ಕೆ ಉದ್ದನೆಯ ದಾರ ಕಟ್ಟುತ್ತಾರೆ. ಮಗು ಐದು ಮಾರು ಆಚೆ ಹೋದರೆ ಕರೆದರೂ ಕೇಳಿಸುವುದಿಲ್ಲ, ಎಳೆದುಕೊಳ್ಳಬೇಕು.

ಮೊದಲು ಹೀಗಿರಲಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮಪ್ಪನಿಗೆ ತಗ್ಗಿನಲ್ಲಿ ಒಂದು ಗಾಡಿ ಕಟ್ಟುವ ಅಂಗಳವಿತ್ತು. ಅಪ್ಪ ಅಲ್ಲಿ ನಿಂತು ಕರೆದರೆ ಹೊಳೆಯ ಹತ್ತಿರ ಆಡುತ್ತಿದ್ದ ನನಗೆ ಕೇಳಿಸುತ್ತಿತ್ತು. ಅಂಗಳವನ್ನು ಸುಭದ್ರಮ್ಮನವರ ಮಾವ ಕೊಂಡುಕೊಂಡರು. ಅವತ್ತು ಸಂಜೆ ಅಪ್ಪ ಎಮ್ಮೆಯನ್ನು ಕರೆದ, ಎಮ್ಮೆ ತಲೆ ಎತ್ತಲಿಲ್ಲ. ಎರಡನೆಯ ಸಲ ಕರೆದ. ಆಮೇಲೆ ನಾವು ಊಟಕ್ಕೆ ಕೂತಾಗ, ಅಷ್ಟು ದೂರದ ದಿಬ್ಬದಿಂದ ಆ ಮುದುಕರ ಕೆಮ್ಮು ಮೊದಲ ಸಲ ನಮ್ಮ ಅಡುಗೆಮನೆಗೆ ಬಂತು. ಅಪ್ಪ ತುತ್ತನ್ನು ತಟ್ಟೆಗೆ ಹಾಕಿ ಸ್ವಲ್ಪ ಹೊತ್ತು ಆಲಿಸಿದ. "ಆ ಕೆಮ್ಮಲ್ಲಿ ಒಂದಿಪ್ಪತ್ ಮಾರು ನಂದು ಕಣವ್ವ" ಅಂದ.

ಈ ಲೆಕ್ಕ ನಮ್ಮಪ್ಪನಿಗೆ ಹೊಳೆದಿತ್ತು, ಶಾಲೆಯಲ್ಲಿ ಮಾತ್ರ ಹೇಳಿಕೊಡುವುದಿಲ್ಲ. ಅಲ್ಲಿ ಹೇಳಿಕೊಡುವುದು ಬೆಳಗ್ಗೆ ಎದ್ದು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಹೊಟ್ಟೆಯಿಂದ ಉಸಿರೆಳೆದು ಅಭ್ಯಾಸ ಮಾಡಿದರೆ ಯಾರ ದನಿ ಬೇಕಾದರೂ ಬೆಳೆಯುತ್ತದೆ ಎಂದು. ಸುಭದ್ರಮ್ಮನವರೇ ತಮ್ಮ ಖರ್ಚಿನಲ್ಲಿ ತಗ್ಗಿನವರಿಗೆ ಆ ತರಗತಿ ನಡೆಸುತ್ತಾರೆ, ಉಪ್ಪೂ ಅವರದೇ. ಚೌಕದಲ್ಲಿ ಏಳು ಬುಗ್ಗೆಗಳ ಕಾರಂಜಿಯ ಪಕ್ಕ ಒಂದು ಕಲ್ಲಿನ ಫಲಕವಿದೆ. ನಮ್ಮೂರಿನ ಒಬ್ಬೊಬ್ಬರ ದನಿ ಸರಾಸರಿ ಇನ್ನೂರು ಮಾರು, ಸೀಮೆಯಲ್ಲೇ ಹೆಚ್ಚು ಎಂದು ಅದರಲ್ಲಿ ಕೆತ್ತಿದ್ದಾರೆ. ಬಂದ ನೆಂಟರನ್ನು ನಾವೂ ಕರೆದುಕೊಂಡು ಹೋಗಿ ತೋರಿಸುತ್ತೇವೆ.

ಹೀಗಿರುವುದರಿಂದ ತಗ್ಗಿನವರಿಗೆ ಮೇಲೆ ಏನಾದರೂ ಹೇಳಬೇಕಾದಾಗ ಸಾಲು ನಿಲ್ಲುತ್ತದೆ. ಕೆಳಗೆ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಎತ್ತಿದರೆ, ಮನೆಗೊಬ್ಬರಂತೆ ಎಲ್ಲರೂ ಬಂದು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಒಬ್ಬರಿಂದ ಒಬ್ಬರಿಗೆ, ಮೆಟ್ಟಿಲು ಹತ್ತಿ, ಕೊನೆಗೆ ತೋಟದ ಗೇಟಿನಲ್ಲಿರುವ ಪಾರ್ವತವ್ವನಿಗೆ, ಅವಳಿಂದ ನನಗೆ, ನನ್ನಿಂದ ಸುಭದ್ರಮ್ಮನವರಿಗೆ. ಓಡಿ ಬಂದು ಹೇಳುವುದಕ್ಕಿಂತ ಇದು ಎಷ್ಟೋ ಬೇಗ. ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮಾತು ಮೂರು ಸಲ ಹೋಗಿ ಬರಬಹುದು.

ಆದರೆ ಮೇಲೆ ಹೋಗುವ ಮಾತು ಬರಿಮೈಯಲ್ಲಿ ಹೋಗಬಾರದು ಎಂದು ಒಂದು ಪದ್ಧತಿ ಇದೆ. ನಮ್ಮಜ್ಜಿಯ ಕಾಲದಲ್ಲಿ ಒಬ್ಬಾತ "ಈ ಬಾವಿ ನಮ್ಮದು" ಎಂದು ಇದ್ದದ್ದು ಇದ್ದ ಹಾಗೆ ಕಳಿಸಿದನಂತೆ. ಸಾಲಿನವರೂ ಹಾಗೇ ದಾಟಿಸಿದರಂತೆ. ಮಾರನೆಯ ದಿನದಿಂದ ಇಡೀ ಸಾಲಿಗೆ ದಿಬ್ಬದ ಮೇಲೆ ಎರಡು ತಿಂಗಳು ಕೆಲಸವಿಲ್ಲ. ಆಗಿನಿಂದ ಒಂದೊಂದು ಬಾಯಿಯೂ ಒಂದೊಂದು ಮರ್ಯಾದೆ ಸೇರಿಸುತ್ತದೆ. ಒಬ್ಬರು ನಮಸ್ಕಾರ ಹಾಕುತ್ತಾರೆ, ಒಬ್ಬರು ಮನೆಮಂದಿಯ ಆರೋಗ್ಯ ವಿಚಾರಿಸುತ್ತಾರೆ, ಒಬ್ಬರು ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳುತ್ತಾರೆ. ಸೇರಿಸಿದ್ದು ಹೊರಲಾರದಷ್ಟಾದಾಗ ಕೆಳಗಿದ್ದದ್ದನ್ನು ಸ್ವಲ್ಪ ಇಳಿಸಬೇಕಾಗುತ್ತದೆ. ಯಾರೂ ಸುಳ್ಳು ಹೇಳುವುದಿಲ್ಲ. ಇನ್ನೂ ಒಂದು ಮಾತು, ಸಾಲಿನಲ್ಲಿ ಇಷ್ಟು ವರ್ಷ ನಿಂತು ನಾನು ಕಂಡುಕೊಂಡದ್ದು. ವಿಷಯ ಎಷ್ಟು ದೊಡ್ಡದೋ ಮರ್ಯಾದೆ ಅಷ್ಟು ದಪ್ಪವಾಗುತ್ತದೆ. ಹೆದರಿದಾಗ ನಮ್ಮವರು ಬಹಳ ನಯವಾಗುತ್ತಾರೆ.

ಪ್ರತಿ ಸೋಮವಾರ ಹತ್ತು ಗಂಟೆಗೆ ಸುಭದ್ರಮ್ಮನವರು ಜಗಲಿಯಿಂದ "ನೀರು ಬಿಡಪ್ಪಾ ಮರೀಗೌಡ" ಅನ್ನುತ್ತಾರೆ. ಅರ್ಧ ಮೈಲಿ ಆಚೆ ಕೆರೆ ಏರಿಯ ಮೇಲೆ ಕೂತ ಮರೀಗೌಡ ತೂಬು ಎತ್ತುತ್ತಾನೆ. ಕಾರಂಜಿಯ ಏಳೂ ಬುಗ್ಗೆ ಏಳುತ್ತವೆ, ಚೌಕದ ಹಾಸುಗಲ್ಲನ್ನು ತೊಳೆಯುತ್ತವೆ, ಆ ನೀರೆಲ್ಲ ಒಟ್ಟಾಗಿ ತಗ್ಗಿನ ಸಾಲಿನ ಕೆಳಗೆ ಮುಚ್ಚುಗಾಲುವೆಯಲ್ಲಿ ನುಗ್ಗಿ ಹೊಳೆ ಸೇರುತ್ತದೆ. ಹಿಂದಿನ ದಿನ ಆ ಕಾಲುವೆಗೆ ಇಳಿದು ಹೂಳು ಎತ್ತುವುದು ತಗ್ಗಿನವರ ಕೆಲಸ. ಜವರಯ್ಯ ಈಗ ಮನೆಮನೆಯಲ್ಲೂ ಕೇಳುತ್ತಿರುವ ಆ ವಾರ ಅವನದೇ ಪಾಳಿ. ಸೋಮವಾರ ಬೆಳಗ್ಗೆ, ಮರೆತು ಬಂದ ಹಾರೆಯನ್ನು ತರಲು ಮತ್ತೆ ಒಳಗೆ ಇಳಿದಿದ್ದಾನೆ. ಒಂದು ಚಪ್ಪಡಿ ಜಾರಿ ಕಾಲಿನ ಮೇಲೆ ಕೂತಿದೆ. ಒಳಗಿನಿಂದ ಅವನು ಹೇಳಿದ್ದು ಅವನ ಹೆಂಡತಿ ನಂಜವ್ವ ಕಾಲುವೆಯ ಬಾಯಲ್ಲಿ ಮೊಣಕಾಲೂರಿ ಬಗ್ಗಿದ್ದಕ್ಕೆ ಕೇಳಿಸಿತು. "ಒಳಗ್ ನಾನಿವ್ನಿ. ಕಾಲ್ ಸಿಕ್ಕೊಂಡದೆ. ನೀರ್ ಬಿಡಬ್ಯಾಡಿ ಅನ್ನು."

ನಂಜವ್ವ ಹಾಗೇ ಹೇಳಿದಳು. ಕೆಂಪು ಬಟ್ಟೆ ಎದ್ದಿತು. ಮೂವರು ಕಾಲುವೆಗೆ ಇಳಿದು ಚಪ್ಪಡಿಗೆ ಕೈಹಾಕಿದರು. ಇಬ್ಬರು ಮೆಟ್ಟಿಲ ಕಡೆ ಓಡಿದರು. ಓಡುತ್ತಿರುವಾಗ ಪಕ್ಕದಲ್ಲೇ ಮಾತು ತಮ್ಮನ್ನು ದಾಟಿ ಮೇಲಕ್ಕೆ ಹೋದದ್ದನ್ನು ಕಂಡು, ಇನ್ನು ಚಿಂತೆಯಿಲ್ಲವೆಂದು ಅರ್ಧದಲ್ಲಿ ನಿಂತು ಉಸಿರು ಬಿಟ್ಟರು.

ಹತ್ತು ಗಂಟೆಗೆ ನೀರು ಬಂತು. ಜವರಯ್ಯನನ್ನು ಎಳೆದು ಹೊರಗೆ ಹಾಕುವಾಗ ನೀರು ಅವನ ಗಂಟಲಿಗೆ ಬಂದಿತ್ತಂತೆ. ಜೀವ ಉಳಿಯಿತು, ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು.

ಸುಭದ್ರಮ್ಮನವರು ಕೆಟ್ಟವರಲ್ಲ. ವಿಷಯ ತಿಳಿದು ಅವತ್ತು ಊಟ ಮಾಡಲಿಲ್ಲ. ಹಣ್ಣು ಕಳಿಸಿದರು, ಆಸ್ಪತ್ರೆ ನೋಡಿಕೊಂಡರು, ಬೀಟೆ ಮರದ ಊರುಗೋಲು ಮಾಡಿಸಿದರು. ಜಗಲಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತ ಒಂದು ಮಾತು ಅಂದರು, ಅದು ತಗ್ಗಿನ ಪ್ರತಿ ಮನೆಗೂ, ಆಸ್ಪತ್ರೆಯಲ್ಲಿ ಮಲಗಿದ್ದ ಜವರಯ್ಯನ ಕಿವಿಗೂ ಬಿತ್ತು. "ಗೊತ್ತಿದ್ದಿದ್ರೆ ನಾನು ಬಿಡಿಸ್ತಿದ್ನೇ? ಒಬ್ಬರಾದ್ರೂ ನನಗೆ ಹೇಳಬಾರದಿತ್ತೇ?"

ಊರುಗೋಲು ಹಿಡಿದು ನಿಲ್ಲಲು ಬಂದ ದಿನವೇ ಜವರಯ್ಯ ಹೊರಟ. ನಾನು ಹೇಳಿದ ಮಾತು ಎಲ್ಲಿಗೆ ಹೋಯಿತು ನೋಡಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳಿದನಂತೆ.

ಪಾರ್ವತವ್ವ ದಿನಾ ಬೆಳಗ್ಗೆ ಸೊಪ್ಪಿನ ಬುಟ್ಟಿ ಇಳಿಸಿ ಹಿಂದಿನ ದಿನದ್ದನ್ನು ಹೇಳುತ್ತಿದ್ದಳು. ಎರಡನೆಯ ಮನೆಯ ದ್ಯಾವಣ್ಣ "ಬಿಡಬ್ಯಾಡಿ" ಎನ್ನುವುದನ್ನು "ಬಿಡದಿದ್ದರೆ ಒಳ್ಳೆಯದು" ಎಂದು ಮಾಡಿದ್ದ. ಆರನೆಯವರು ನಮಸ್ಕಾರ ಸೇರಿಸಿದ್ದರು. ಹನ್ನೊಂದನೆಯ ಮನೆಯ ಮುದುಕಿ, ದೊಡ್ಡವರ ಮುಂದೆ ಕಾಲು ಎನ್ನಬಾರದೆಂದು ಕಾಲನ್ನು ಬಿಟ್ಟಿದ್ದಳು. ಇಪ್ಪತ್ತರ ಹೊತ್ತಿಗೆ "ಸಿಕ್ಕೊಂಡದೆ" ಹೋಗಿ "ಕೆಲಸದಲ್ಲಿದ್ದಾರೆ" ಬಂದಿತ್ತು. ಇಪ್ಪತ್ತಾರನೆಯವನು, ಬಹಳ ಹೆದರಿದ್ದರಿಂದ, ಮೂರು ಮರ್ಯಾದೆ ಒಟ್ಟಿಗೆ ಹಾಕಿದ್ದ. ಒಬ್ಬೊಬ್ಬರೂ ಅಷ್ಟಿಷ್ಟೇ ಮಾಡಿದ್ದು. ಒಬ್ಬೊಬ್ಬರೂ ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರಂತೆ.

ನನಗೂ ಬರುತ್ತಿರಲಿಲ್ಲ. ಮೂವತ್ತೆರಡಾಯಿತು, ಮೂವತ್ತಮೂರಾಯಿತು. ಹಾಲು ಉಕ್ಕಿಸಿದೆ, ಒಂದು ಪಿಂಗಾಣಿ ತಟ್ಟೆ ಒಡೆದೆ. ಏನಾಗಿದೆ ದೇವೀರಮ್ಮ ನಿನಗೆ, ಮೈ ಸರಿಯಿಲ್ಲವೇ ಎಂದು ಸುಭದ್ರಮ್ಮನವರು ಕೇಳಿದರು. ಅದು ತಗ್ಗಿಗೂ ಕೇಳಿಸಿತು. ಮಾರನೆಯ ದಿನ ಪಾರ್ವತವ್ವ, ಮೈ ಹುಷಾರಿಲ್ವಂತೆ, ಎಂದು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

ಭಾನುವಾರ ಅವಳ ಸರದಿ ಮುಗಿಯಿತು. ಅಲ್ಲಿಂದ ನೇರ ನನ್ನ ಹತ್ತಿರ ಬಂದಳು, ತಲೆಯ ಮೇಲೆ ಬುಟ್ಟಿಯಿಲ್ಲ. ಗೇಟಿನ ಹತ್ತಿರ ನಿಂತವಳು ಒಳಗೆ ಬರಲಿಲ್ಲ, ನಾನೇ ಹೋದೆ.

"ಮಾತ್ ಉದ್ದ ಆಗೋಗಿತ್ತು, ನಿಜ" ಅಂದಳು. "ಆದ್ರೂ ನೀರು ಅಂದಿದ್ದೆ ಕಣಕ್ಕ. ಕಾಲುವೇಲಿ ಒಬ್ರವ್ರೆ ಅಂತ್ಲೂ ಅಂದಿದ್ದೆ. ಅಂದಿದ್ನೋ ಇಲ್ವೋ?"

ಅಂದಿದ್ದಳು. ಅವತ್ತು ನನ್ನ ಕಿವಿಗೆ ಬಿದ್ದದ್ದು ಇಷ್ಟು. ಅಮ್ಮಾವರಿಗೂ ಯಜಮಾನರಿಗೂ ನಮಸ್ಕಾರ, ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇವೆ, ಈ ಹೊತ್ತಿನಲ್ಲಿ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ, ತಮ್ಮ ಋಣ ದೊಡ್ಡದು, ಕಾಲುವೆಯಲ್ಲಿ ನಮ್ಮವರೊಬ್ಬರು ಕೆಲಸದಲ್ಲಿದ್ದಾರೆ, ಅನುಕೂಲವಿದ್ದರೆ ಇವತ್ತು ನೀರನ್ನು ಸ್ವಲ್ಪ ನಿಧಾನವಾಗಿ ಬಿಡುವ ಬಗ್ಗೆ ಯೋಚಿಸಬಹುದೇ, ಬಿಡುವಾದಾಗ ಸಾಕು. ಅಷ್ಟು ದಪ್ಪದ ಮರ್ಯಾದೆಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕೇಳಿದ ಕೂಡಲೇ ನನಗೆ ತಿಳಿಯಿತು. ತಿಳಿಯಲಿಲ್ಲ ಎಂದು ಹೇಳುವ ಹಾಗಿಲ್ಲ.

ಆದರೆ ಅವತ್ತು ಜಗಲಿಯಲ್ಲಿ ನೆಂಟರಿದ್ದರು. ಹಿಂದಿನ ವಾರ ಸುಭದ್ರಮ್ಮನವರು, ಊರಿಗೆ ಕೇಳಿಸದಿರಲೆಂದು ಸ್ಲೇಟಿನಲ್ಲಿ ಬರೆದು, ನಾನಿರುವ ಕೋಣೆಯನ್ನು ನನ್ನ ಹೆಸರಿಗೆ ಬರೆಸಿಕೊಡುವ ಮಾತೆತ್ತಿದ್ದರು. ಇಪ್ಪತ್ತೆರಡು ವರ್ಷ ದುಡಿದಿದ್ದೀಯಲ್ಲ, ಸೋಮವಾರ ಯಜಮಾನರನ್ನು ಕೇಳಿ ಹೇಳುತ್ತೇನೆ ಎಂದು ಬರೆದಿದ್ದರು. ಒಂದು ಕೋಣೆ ಎಂದರೆ ಹತ್ತು ಹನ್ನೆರಡು ಮಾರು. ನನಗೆ ಬಹಳ ಆಸೆಯೇನಿರಲಿಲ್ಲ. ಒಂದು ದಿನ ಗೇಟಿನವರೆಗೆ ಓಡದೆ, ಕಿಟಕಿಯಲ್ಲಿ ನಿಂತು, ಗೇಟಿನ ಹತ್ತಿರ ಹೋಗುವ ಪಾರ್ವತವ್ವನನ್ನು ಹೆಸರು ಹಿಡಿದು ಕರೆಯಬೇಕು. ಅವಳು ತಿರುಗಿ ನೋಡಬೇಕು. ಅಷ್ಟೇ ಇದ್ದದ್ದು. ನೆಂಟರ ಮುಂದೆ ತಗ್ಗಿನವರ ಕೋರಿಕೆ ಹಿಡಿದು ಹೋದರೆ ಅಮ್ಮಾವರ ಮುಖ ಗಂಟಾಗುತ್ತದೇನೋ, ಕೋಣೆಯ ಮಾತು ಮುಂದಕ್ಕೆ ಹೋಗುತ್ತದೇನೋ ಎನ್ನಿಸಿತು. ಕಾಫಿ ಲೋಟ ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ ಹೇಳಿದೆ.

"ತಗ್ಗಿನವರು ನಮಸ್ಕಾರ ಹೇಳಿದಾರೆ ಅಮ್ಮಾ."

ಸುಭದ್ರಮ್ಮನವರು ನಕ್ಕು, ತಮ್ಮದೂ ತಿಳಿಸು ಎಂಬಂತೆ ತಗ್ಗಿನ ಕಡೆ ಕೈ ಆಡಿಸಿದರು. ಗಡಿಯಾರ ಹತ್ತು ಹೊಡೆಯಿತು.

ಇದನ್ನು ಪಾರ್ವತವ್ವನಿಗೆ ಹೇಳಲಿಲ್ಲ. ನೀನು ಅಂದಿದ್ದೆ, ಎಂದೆ, ಅಷ್ಟೇ. ಅವಳು ಮುಂದಕ್ಕೆ ಕೇಳಲೂ ಇಲ್ಲ. "ನಾಳೆ ಬರ್ತಾನೆ" ಎಂದು ಹೇಳಿ ಮೆಟ್ಟಿಲ ಕಡೆ ಹೊರಟಳು. ನಾಲ್ಕು ಹೆಜ್ಜೆ ಹೋದ ಮೇಲೆ ನಾನು ಅವಳನ್ನು ಕರೆದೆ. ಕೇಳಿಸಲಿಲ್ಲ.

ಸೋಮವಾರ ಬೆಳಗಿನಿಂದ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು. ಟಕ್ ಎಂದು ಒಂದು ಮೆಟ್ಟಿಲು, ಆಮೇಲೆ ಸುಮ್ಮನೆ, ಆಮೇಲೆ ಇನ್ನೊಂದು. ಹಿತ್ತಲಲ್ಲಿ ಕೂತು ಒಂದೇ ಬೋಗುಣಿಯನ್ನು ತಿಕ್ಕುತ್ತಲೇ ಇದ್ದೆ. ಸದ್ದು ನಿಂತಾಗಲೆಲ್ಲ, ಹಿಂದಕ್ಕೆ ಹೋದನೇನೋ ಎಂದು ಆಸೆಯಾಗುತ್ತಿತ್ತು. ಆಸೆಪಟ್ಟದ್ದಕ್ಕೆ ನಾಚಿಕೆಯಾಗುತ್ತಿತ್ತು. ಅವನು ಪುಟ್ಟ ಹುಡುಗನಾಗಿದ್ದಾಗ ನಮ್ಮ ಪಕ್ಕದ ಮನೆ. ನಮ್ಮಪ್ಪನ ಗಾಡಿಗಳ ಮೇಲೆ ಹತ್ತಿ ಕೂರುತ್ತಿದ್ದವನು.

ಬಂದ. ಬೆವರಿನಲ್ಲಿ ತೊಯ್ದಿದ್ದ. ನನ್ನ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕೂತು ಊರುಗೋಲನ್ನು ಅಡ್ಡ ಇಟ್ಟ. ನೀರು ಕೊಟ್ಟೆ, ಕುಡಿದ.

"ದೇವೀರಕ್ಕ" ಅಂದ. "ನಿನ್ನ ಕಿವಿಗೆ ಏನ್ ಬಿತ್ತು?"

ಅಷ್ಟನ್ನೂ ಹೇಳಿದೆ, ನಮಸ್ಕಾರದಿಂದ ಬಿಡುವಾದಾಗ ಸಾಕು ಎನ್ನುವವರೆಗೆ. ಅವನು ತಲೆ ಆಡಿಸಿದ. ಪಾರ್ವತವ್ವ ಹೇಳಿದ್ದಕ್ಕೆ ಸರಿಯಾಗಿ ಹೊಂದಿತು.

"ನಿನ್ನ ಬಾಯಿಂದ ಏನ್ ಹೋಯ್ತು?"

ಬೋಗುಣಿ ಕೆಳಗಿಟ್ಟೆ. ನಮಸ್ಕಾರ ಮಾತ್ರ ಹೋಯಿತು, ಎಂದೆ. ಕೋಣೆಯ ವಿಷಯವನ್ನೂ ಹೇಳಿದೆ. ನನಗೆ ತಿಳಿದಿತ್ತು ಎಂಬುದನ್ನೂ ಹೇಳಿದೆ, ಅದನ್ನು ಹೇಳಲು ಎರಡು ಸಲ ಬಾಯಿ ತೆರೆಯಬೇಕಾಯಿತು. ಅವನು ತನ್ನ ಮೊಂಡು ಕಾಲನ್ನು ನೋಡುತ್ತ ಕೂತಿದ್ದ. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೇ ವಾಸಿಯಿತ್ತು, ಅವರೆಲ್ಲ ಹೇಳಿದ್ದು ನಿಜ.

"ಕೋಣೆ ಕೊಟ್ರಾ?" ಅಂದ.

ಇನ್ನೂ ಇಲ್ಲ, ಎಂದೆ.

ಅವನಿಗೆ ನಗು ಬಂತು. ನನಗೂ ಬರುವುದರಲ್ಲಿತ್ತು, ಅಳುವಾಯಿತು. ಅವನು ಊರುಗೋಲು ಎತ್ತಿಕೊಂಡ.

"ಏಳಕ್ಕ. ನಾನ್ ಹೇಳಿ ಕಳಿಸಿದ್ ಮಾತು ನಿನ್ನತ್ರ ನಿಂತದೆ. ಅದನ್ನ ಮುಟ್ಟಿಸ್ಬುಡು. ನಂಜಿ ಹೇಳಿದ್ಳಲ್ಲ, ಹಂಗೇಯ. ಏನೂ ಹಾಕ್ಬ್ಯಾಡ. ನಾನ್ ಪಕ್ಕದಲ್ ನಿಂತಿರ್ತೀನಿ."

ಹೋಗುವಾಗ ಕೈ ಒರೆಸಿಕೊಳ್ಳುವುದನ್ನು ಮರೆತಿದ್ದೆ, ಬೂದಿ ಹಾಗೇ ಇತ್ತು. ಹಿಂದಿನ ಬಾಗಿಲಿನಿಂದ ಹೋಗದೆ ಮುಂದಿನಿಂದ ಹೋದೆವು. ಆಗಷ್ಟೇ ಹತ್ತು ಹೊಡೆದಿತ್ತು. ನೀರು ಬಿಡಪ್ಪಾ ಮರೀಗೌಡ, ಎಂದು ಆಗಿತ್ತು. ಚೌಕದಲ್ಲಿ ಏಳು ಬುಗ್ಗೆಗಳೂ ಬಿಸಿಲಿನಲ್ಲಿ ಎದ್ದು ನಿಂತಿದ್ದವು. ಸುಭದ್ರಮ್ಮನವರು ಜವರಯ್ಯನನ್ನು ಕಂಡು ಕುರ್ಚಿಯಿಂದ ಎದ್ದೇಬಿಟ್ಟರು. ಇಷ್ಟು ಮೆಟ್ಟಿಲು ಹತ್ತಿ ಬಂದೆಯಾ, ಹೇಳಿ ಕಳಿಸಬಾರದಿತ್ತೇ, ಎಂದು ಅವರು ಮರುಗಿದ್ದು ಊರಿಗೆಲ್ಲ ಕೇಳಿಸಿತು.

ನನಗೆ ಅಭ್ಯಾಸದಿಂದ ಬಾಯಿಗೆ ಬಂದದ್ದು ನಮಸ್ಕಾರವೇ. ನುಂಗಿದೆ. ಅಮ್ಮಾ ಎನ್ನುವುದು ಬಂತು, ಅದನ್ನೂ ನುಂಗಿದೆ. ಒಂದೂವರೆ ಮಾರಿನೊಳಗೆ ಬರುವಷ್ಟು ಹತ್ತಿರ ಹೋಗಿ ನಿಂತೆ. ಅಷ್ಟು ಹತ್ತಿರ ಕೈಯಲ್ಲಿ ಲೋಟವಿಲ್ಲದೆ ಎಂದೂ ನಿಂತಿರಲಿಲ್ಲ.

"ಒಳಗ್ ನಾನಿವ್ನಿ" ಎಂದೆ. "ಕಾಲ್ ಸಿಕ್ಕೊಂಡದೆ. ನೀರ್ ಬಿಡಬ್ಯಾಡಿ."

ಅವರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. ಅವತ್ತು ಕೆಳಗಿನಿಂದ ಬಂದಿದ್ದ ಮಾತು ಇದು, ನಮಸ್ಕಾರವಲ್ಲ, ಎಂದೆ. ಅವರ ಮುಖದ ಬಣ್ಣ ಇಳಿಯಿತು. ನಂಬಲಾರದವರು ಕೇಳಿದ್ದನ್ನು ತಾವೇ ಒಂದು ಸಲ ಆಡಿಕೊಳ್ಳುತ್ತಾರಲ್ಲ, ಹಾಗೆ, ಬಹಳ ಮೆಲ್ಲಗೆ, ತಮಗೆ ತಾವೇ ಎಂಬಂತೆ ಅಂದರು.

"ಒಳಗೆ ನಾನಿದೀನಿ... ಕಾಲು ಸಿಕ್ಕೊಂಡಿದೆ... ನೀರು ಬಿಡಬೇಡಿ..."

ಆ ಮಾತು ಜಗಲಿ ಇಳಿಯಿತು, ಚೌಕ ದಾಟಿತು. ಇನ್ನೂರ ಹನ್ನೆರಡು ಮೆಟ್ಟಿಲು ಇಳಿದು ತಗ್ಗಿನ ಮೂವತ್ತೇಳು ಮನೆಗಳ ಒಳಗೂ ಹೋಯಿತು. ಅರ್ಧ ಮೈಲಿ ಆಚೆ ಮರೀಗೌಡನಿಗೆ ಅದು ಯಾವ ಸೋಮವಾರದ ಮಾತೆಂದು ಹೇಗೆ ತಿಳಿಯಬೇಕು. ಅವನು ಎದ್ದು ಓಡಿ ಎರಡೂ ಕೈಯಿಂದ ತೂಬು ಇಳಿಸಿದ್ದಾನೆ. ನಾವು ನೋಡುತ್ತಿದ್ದ ಹಾಗೇ ಕಾರಂಜಿಯ ಒಂದು ಬುಗ್ಗೆ ಕುಗ್ಗಿತು. ಆಮೇಲೆ ಎರಡು, ಆಮೇಲೆ ಎಲ್ಲ. ಕಡೆಯದು ಒಂದಿಷ್ಟು ಉಗುಳಿ ನಿಂತಿತು. ದಿಬ್ಬದ ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದವು. ಸುಭದ್ರಮ್ಮನವರು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ನಿಂತಿದ್ದರು, ಒಂದು ಉಸಿರೂ ಊರಿಗೆ ಕೇಳಿಸಬಾರದು ಎನ್ನುವ ಹಾಗೆ.

ಜವರಯ್ಯ ಜಗಲಿಯ ಮೆಟ್ಟಿಲ ಮೇಲೆ ಕೂತ. ತಗ್ಗಿನವರು ಅಲ್ಲಿ ಕೂರುವುದಿಲ್ಲ. ಅವನು ಕೂತು ಒಣಗುತ್ತಿರುವ ಹಾಸುಗಲ್ಲನ್ನು ನೋಡುತ್ತಿದ್ದ.

ಅಷ್ಟರಲ್ಲಿ ಗೇಟಿನ ಹತ್ತಿರ ಪಾರ್ವತವ್ವ ಕಾಣಿಸಿದಳು. ಕೆಳಗೆ ಕೆಂಪು ಬಟ್ಟೆ ಎದ್ದಿತ್ತು, ಸಾಲು ನಿಂತಿತ್ತು. ಅವಳು ಒಳಗೆ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು. ನಾನು ನಮಸ್ಕಾರದಿಂದ ಶುರುವಾಗುತ್ತದೆ ಎಂದು ಕಾದೆ.

"ಇನ್ನೊಂದ್ ಸಲ ಹೇಳಿ ಅಂತಾವ್ರೆ" ಅಂದಳು.

ಮೂವತ್ತೇಳು ಬಾಯಿ ದಾಟಿ ಬಂದಿತ್ತು. ಹಿಂದೆ ಮುಂದೆ ಏನೂ ಇರಲಿಲ್ಲ. ನಾನು ಸುಭದ್ರಮ್ಮನವರ ಕಡೆ ತಿರುಗಿ, ಅದನ್ನು ಹಾಗೇ ಹೇಳಿದೆ.